ತಮ್ಮದೇ ಬಾಟಲಿ ತರುವವರಿಗೆ

ಮಾನ್ವಿ
೮ ಜುಲೈ ೨೦೨೪

ವ್ಯವಸ್ಥಾಪಕರಿಗೆ,
ಹೊಳೆಸಾಲು ರೆಸ್ಟೋರೆಂಟ್,
ಲಿಂಗಸುಗೂರು ರಸ್ತೆ, ರಾಯಚೂರು

ಮಾನ್ಯರೇ,

ನಾನು ಮಾನ್ವಿಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ನನ್ನ ಸಹೋದ್ಯೋಗಿ ಕನಕರಾಯ ಕಳೆದ ತಿಂಗಳು ನಿಮ್ಮಲ್ಲಿ ಊಟ ಮಾಡಿ ಬಂದರು. ಗಿರಾಕಿಗಳು ತಮ್ಮದೇ ವೈನ್ ತಂದರೆ ನೀವು ಬೇಡವೆನ್ನುವುದಿಲ್ಲ ಎಂದು ಅವರು ಹೇಳಿದ್ದರಿಂದ ಈ ಪತ್ರ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಬ್ಯಾಂಕಿನಲ್ಲಿ ಫೋನ್ ಎತ್ತಿದರೆ ಸರತಿಯಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಎತ್ತಿದರೆ ಕೇಳಬಾರದವರು ಕೇಳಿಸಿಕೊಳ್ಳುತ್ತಾರೆ.

ಸಂಗತಿ ಹೀಗಿದೆ. ನಮ್ಮ ಮ್ಯಾನೇಜರರು ವರ್ಗವಾಗಿ ಹೋಗುವಾಗ ನನಗೊಂದು ಕೆಂಪು ವೈನಿನ ಬಾಟಲಿ ಉಡುಗೊರೆ ಕೊಟ್ಟರು. ಬಣ್ಣದ ಕಾಗದ ಸುತ್ತಿ ಎಲ್ಲರ ಮುಂದೆ ಕೊಟ್ಟದ್ದರಿಂದ ಒಲ್ಲೆ ಎನ್ನಲಾಗಲಿಲ್ಲ. ಮನೆಗೆ ಒಯ್ಯುವ ಮಾತೇ ಇಲ್ಲ. ನನ್ನ ತಂದೆ ಮಠದಲ್ಲಿ ತೀರ್ಥ ಕೊಡುವ ಸೇವೆ ಮಾಡಿಕೊಂಡಿದ್ದವರು. ಈಗ ಅವರಿಲ್ಲ. ತಾಯಿ ಇವತ್ತಿಗೂ ಮಡಿಯಲ್ಲೇ ಅಡುಗೆ ಮಾಡುತ್ತಾರೆ, ನಮ್ಮ ಅಡುಗೆಮನೆಗೆ ಉಳ್ಳಾಗಡ್ಡಿ ಕೂಡ ಬರುವುದಿಲ್ಲ. ಹಾಗಾಗಿ ಬಾಟಲಿ ಬ್ಯಾಂಕಿನಲ್ಲಿ ನನ್ನ ಮೇಜಿನ ಕೆಳಖಾನೆಯಲ್ಲಿ ಕೂತಿದೆ. ಕಸ ಗುಡಿಸಲು ಬರುವ ಗೋಪಮ್ಮ ದಿನವೂ ಆ ಖಾನೆಯ ಕಡೆಗೇ ನೋಡುತ್ತಾಳೆ ಎಂದು ನನಗೆ ಅನ್ನಿಸತೊಡಗಿದೆ.

ಚೆಲ್ಲಿಬಿಡಲು ಮನಸ್ಸು ಬರುತ್ತಿಲ್ಲ. ನಿಜ ಹೇಳಬೇಕೆಂದರೆ ರುಚಿ ಹೇಗಿರುತ್ತದೋ ನೋಡಬೇಕೆಂಬ ಆಸೆಯೂ ಇದೆ. ಗುರುತಿಲ್ಲದವರಿಗೆ ಇದನ್ನು ಬರೆಯುವುದು ಸುಲಭ.

ಬಾಟಲಿಯನ್ನು ಚೀಲದಲ್ಲಿ ಮುಚ್ಚಿ ತರಬೇಕೇ, ಕೈಯಲ್ಲಿ ಹಿಡಿದು ಬರಬೇಕೇ? ಅದನ್ನು ತೆರೆಯುವವರು ಯಾರು? ನಿಮ್ಮಲ್ಲಿ ಕೊಳ್ಳದೆ ನಮ್ಮದನ್ನೇ ಕುಡಿದರೆ ನಿಮಗೆ ಅವಮಾನವಾದಂತೆ ಆಗುವುದಿಲ್ಲವೇ? ನಾನು ಶಾಕಾಹಾರಿ, ಅದಕ್ಕೂ ಅನುಕೂಲವಿದೆಯೇ? ಇಂಥ ಕಡೆಯ ರೀತಿನೀತಿ ನನಗೆ ಒಂದೂ ತಿಳಿಯದು. ಉತ್ತರವನ್ನು ದಯವಿಟ್ಟು ಬ್ಯಾಂಕಿನ ವಿಳಾಸಕ್ಕೇ ಬರೆಯಬೇಕು.

ನಿಮ್ಮ ವಿಶ್ವಾಸಿ,
ಗುರುಪ್ರಸನ್ನ


ರಾಯಚೂರು
೧೫ ಜುಲೈ ೨೦೨೪

ಶ್ರೀ ಗುರುಪ್ರಸನ್ನ ಅವರಿಗೆ ನಮಸ್ಕಾರಗಳು.

ಬರುವ ಮುಂಚೆ ಕೇಳಿದಿರಿ. ನಮ್ಮಂಥವರಿಗೆ ಸಲ್ಲಬೇಕಾದ ಮರ್ಯಾದೆಯಲ್ಲಿ ಅರ್ಧ ಅಲ್ಲಿಗೇ ಸಂದಾಯವಾಯಿತು. ಎಷ್ಟೋ ಜನ ಪ್ಯಾಂಟಿನ ಜೇಬಿನಿಂದ ತೆಗೆದು ಮೇಜಿನ ಕೆಳಗೆ ಬಗ್ಗುತ್ತಾರೆ. ಅವರಿಗೂ ಸುಖವಿಲ್ಲ, ನೋಡುವ ನಮಗೂ ಇಲ್ಲ.

ನಮ್ಮಲ್ಲಿ ಪರವಾನಗಿ ಇದೆ, ಅಳುಕು ಬೇಡ. ಬಾಟಲಿ ಸೀಲು ಒಡೆಯದೆ ಇರಬೇಕು, ಅಷ್ಟೇ. ಬಾಗಿಲಲ್ಲೇ ಅದನ್ನು ನಮ್ಮ ಕೈಗೆ ಕೊಟ್ಟುಬಿಡಿ. ಬಿರಡೆ ತೆಗೆಯುವುದು, ಲೋಟ ಇಡುವುದು, ಆಮೇಲೆ ತೊಳೆಯುವುದು ನಮ್ಮ ಕೆಲಸ. ಅದಕ್ಕೆ ಕಾರ್ಕೇಜ್ ಎಂದು ಒಂದು ಶುಲ್ಕ ಹಾಕುತ್ತೇವೆ. ಅದರಲ್ಲಿ ಚೌಕಾಸಿ ಮಾಡುವುದು ಚೆಂದವಲ್ಲ.

ಅವಮಾನದ ಮಾತು ಕೇಳಿದ್ದೀರಿ. ನಮ್ಮಲ್ಲೇ ಸಿಗುವ ಬಾಟಲಿಯನ್ನು ಹೊರಗೆ ಅಗ್ಗಕ್ಕೆ ಕೊಂಡು ತಂದರೆ ಮನಸ್ಸಿಗೆ ಆಗುತ್ತದೆ. ಅಡುಗೆ ಮಾಡಿಟ್ಟವರ ಮುಂದೆ ಬುತ್ತಿ ಬಿಚ್ಚಿ ಅದೇ ಪಲ್ಯ ತಿಂದ ಹಾಗೆ. ಆದರೆ ಯಾರೋ ಪ್ರೀತಿಯಿಂದ ಕೊಟ್ಟದ್ದನ್ನು, ಬೇರೆಲ್ಲೂ ತೆರೆಯಲಾಗದ್ದನ್ನು ನಮ್ಮಲ್ಲಿಗೆ ತಂದರೆ ಅದು ನಮ್ಮ ಮೇಲಿಟ್ಟ ನಂಬಿಕೆ. ಊಟ ಮಾತ್ರ ನಮ್ಮದೇ ಮಾಡಬೇಕು. ತಂದವರು ಮೊದಲ ಗುಟುಕನ್ನು ಮನೆಯವರಿಗೆ, ಅಂದರೆ ನಮಗೆ, ಕೊಡಲು ಬರುವುದು ವಾಡಿಕೆ. ನಾವು ಬೇಡ ಎನ್ನುತ್ತೇವೆ. ಆದರೂ ಕೇಳಬೇಕು.

ಶಾಕಾಹಾರಕ್ಕೆ ಪಾತ್ರೆ, ಹಂಚು, ಸೌಟು ಎಲ್ಲ ಬೇರೆ ಇವೆ, ಒಲೆಯೂ ಬೇರೆ. ಉಳ್ಳಾಗಡ್ಡಿ ಹಾಕದ ಬದನೆಕಾಯಿ ಪಲ್ಯ ಬೇಕೆಂದರೆ ಮೊದಲೇ ತಿಳಿಸಿ. ಮಾನ್ವಿಗೆ ಹಿಂದಿರುಗುವಾಗ ಗಾಡಿ ನಡೆಸುವವರು ವೈನ್ ಮುಟ್ಟುವ ಹಾಗಿಲ್ಲ ಎಂಬುದು ಇಲ್ಲಿಯ ಇನ್ನೊಂದು ಕಟ್ಟಳೆ.

ರವಿವಾರ ಬಿಟ್ಟು ಯಾವ ಮಧ್ಯಾಹ್ನವಾದರೂ ಬನ್ನಿ. ಗದ್ದಲ ಕಡಿಮೆ ಇರುತ್ತದೆ.

ವ್ಯವಸ್ಥಾಪಕರು,
ಹೊಳೆಸಾಲು


ರಾಯಚೂರು
೧೯ ಆಗಸ್ಟ್ ೨೦೨೪

ಅಣ್ಣಾ,

ಆ ಉತ್ತರ ಬರೆದವಳು ನಾನೇ ಎಂದು ಈಗ ನಿನಗೆ ಗೊತ್ತಾಗಿದೆ. ನಿನ್ನ ಪತ್ರ ಬಿಚ್ಚಿದಾಗ ಕೆಳಗಿನ ಹೆಸರು ನೋಡುವ ಮುಂಚೆಯೇ ಅಕ್ಷರ ಗುರುತು ಸಿಕ್ಕಿತ್ತು. ನನಗೆ ಕಾಪಿ ಬರೆಯಲು ಕಲಿಸಿದವನು ನೀನೇ ಅಲ್ಲವೇ. ನಾವು ಇನ್ನೂ ದೇವದುರ್ಗದಲ್ಲಿ ಖಾನಾವಳಿ ನಡೆಸುತ್ತಿದ್ದೇವೆ ಎಂದು ನೀನು ತಿಳಿದಿದ್ದಿರಬೇಕು. ಹೋದ ದಸರೆಗೆ ಇಲ್ಲಿಗೆ ಬಂದೆವು. ಹೆಸರು ಹಾಕಿ ಉತ್ತರ ಬರೆದಿದ್ದರೆ ನೀನು ಬರುತ್ತಿರಲಿಲ್ಲ. ಅದಕ್ಕೆ ಹಾಕಲಿಲ್ಲ, ಅಕ್ಷರವೂ ಗುರುತಾಗದಿರಲಿ ಎಂದು ಟೈಪು ಮಾಡಿಸಿದೆ.

ನೀವು ಬರುವ ದಿನ ಬೆಳಿಗ್ಗೆ ಅಂಬರೇಶ, "ನೀ ಒಳಗ ಇರು. ಬಾಟ್ಲಿ ನಾ ತಗೀತೀನಿ. ನನ್ನ ಮುಖ ಅವ್ರಿಗೆ ಅಷ್ಟು ನೆನಪಿರಂಗಿಲ್ಲ" ಅಂದರು. ನಮ್ಮಿಬ್ಬರ ಮದುವೆಯಾದಾಗ ಅಪ್ಪನ ಮನೆಯ ಬಾಗಿಲಲ್ಲಿ ಅವರನ್ನು ಒಮ್ಮೆ ನೋಡಿದ್ದೀಯ, ಅಷ್ಟೇ ತಾನೇ. ನಾನು ಒಪ್ಪಲಿಲ್ಲ. ಇಲ್ಲಿ ಬಿರಡೆ ತೆಗೆಯುವವಳು ನಾನು.

ನೀನು ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಂದೆ. ಕೊಡಲು ಕೈ ಚಾಚಿದವನು ನನ್ನ ಮುಖ ನೋಡಿ ಹಾಗೇ ನಿಂತುಬಿಟ್ಟೆ. ಕನಕರಾಯರು, "ಏನ್ ಸಾಹೇಬ್ರ, ಗುರ್ತಿನವರೇನ್ರಿ?" ಎಂದು ಕೇಳಿದರು. ನೀನು ಟವೆಲ್ಲು ಬಿಚ್ಚತೊಡಗಿದೆ. "ಪತ್ರ ಬರದಿದ್ರಲ್ರಿ, ಅದರ ಗುರ್ತು" ಎಂದು ನಾನೇ ಹೇಳಿದೆ. ಎಲ್ಲರೂ ನಕ್ಕರು. ನೀನೂ ನಕ್ಕೆ.

ಮೊದಲ ಗುಟುಕು ಮನೆಯವರಿಗೆ ಎಂದು ನಾನು ಬರೆದದ್ದನ್ನು ನೀನು ಮರೆತಿರಲಿಲ್ಲ. ಲೋಟವನ್ನು ನೀನು ನನ್ನ ಕಡೆ ಸರಿಸಿದೆ. ನಾನು ಬೇಡ ಎಂದೆ. ಆಮೇಲೆ ನೀನೊಂದು ಗುಟುಕು ಕುಡಿದು, ಅಮ್ಮ ಕಷಾಯ ಕುಡಿಸಿದಾಗ ಮಾಡುತ್ತಿದ್ದ ಮುಖವನ್ನೇ ಮಾಡಿದೆ. ನಾನು ಒಳಗೆ ಹೋಗಿ ಗೋಡೆಗೆ ತಿರುಗಿ ನಕ್ಕೆ. ನಗುವುದು ಅಳುವುದು ಎರಡೂ ಒಟ್ಟಿಗೇ ಬಂತು.

ಕೈ ತೊಳೆಯುವ ಕಡೆ ಬಂದು ಮೆಲ್ಲಗೆ, "ನಿಂದು ಊಟ ಆತೇನು?" ಎಂದು ಕೇಳಿದೆಯಲ್ಲ, ಆಗ ಹೂಂ ಎಂದೆ. ಆಗಿರಲಿಲ್ಲ. ನೀನು ಬರುತ್ತೀ ಎಂಬ ಹೆದರಿಕೆಯಲ್ಲಿ ಬೆಳಗಿನಿಂದ ಏನೂ ಇಳಿದಿರಲಿಲ್ಲ. ನೀವು ಹೋದ ಮೇಲೆ ಎರಡು ರೊಟ್ಟಿ ತಿಂದೆ.

ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಅದು ನಿನ್ನದು. ಏನು ಮಾಡಲಿ, ತಿಳಿಸು.

ಅಪ್ಪ ತೀರಿದ ಹನ್ನೆರಡನೆಯ ದಿನ ನಾನು ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಹಾಗೇ ಎದ್ದು ಹೋದದ್ದರ ಬಗ್ಗೆ ಈ ಪತ್ರದಲ್ಲಿ ಏನನ್ನೂ ಬರೆಯುವುದಿಲ್ಲ.

ನಿನ್ನ,
ಪೂರ್ಣಿ


ಮಾನ್ವಿ
೨೩ ಸೆಪ್ಟೆಂಬರ್ ೨೦೨೪

ಪೂರ್ಣಿ,

ಒಂದು ತಿಂಗಳು ತಡವಾಯಿತು. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕೆಲಸ ಇಲ್ಲದಾಗ ನೆನಪು ಮಾಡಿಕೊಳ್ಳುತ್ತಿದ್ದೆ.

ಅವತ್ತು ಕನಕರಾಯ ಕೇಳಿದಾಗ ನಾನು ಹೇಳಬೇಕಾದದ್ದು ಎರಡೇ ಶಬ್ದ. ನಮ್ಮ ತಂಗಿ. ಬಾಟಲಿ ಕೈಯಲ್ಲಿ ಹಿಡಿದು ಅದನ್ನು ಹೇಗೆ ಹೇಳಲಿ? ಮಠದವರ ಮನೆಯ ಮಗಳು ಮಾಂಸ ಬೇಯಿಸುವ, ಕುಡಿಯಲು ಕೊಡುವ ಜಾಗ ನಡೆಸುತ್ತಾಳೆ ಎಂದು ಊರಲ್ಲಿ ತಲೆ ತಗ್ಗಿಸಿಕೊಂಡು ತಿರುಗಿದವನು ನಾನು. ಮರುದಿನ ಬ್ಯಾಂಕಿನಲ್ಲಿ ಅವರಿಗೆ ಹೇಳಿದೆ. ಅವರು, "ಊಟ ಭಾಳ ಚೆಂದಿತ್ತು ಬಿಡ್ರಿ" ಅಂದರು. ಅಷ್ಟೇ. ಇಷ್ಟಕ್ಕೆ ನಾನು ಎಷ್ಟು ವರ್ಷ ಹೆದರಿಕೊಂಡಿದ್ದೆ ಎಂದು ಅನ್ನಿಸಿತು.

ಅಮ್ಮನಿಗೆ ನಿನ್ನನ್ನು ನೋಡಿದೆ ಎಂದು ಹೇಳಿದೆ.

"ಎಲ್ಲಿ?" ಎಂದಳು.

"ರಾಯಚೂರಾಗ. ಈಗ ಅಲ್ಲೇ ಹೋಟೆಲ್ ಮಾಡ್ಯಾರ. ಬ್ಯಾಂಕಿನವ್ರ ಜೋಡಿ ಊಟಕ್ಕ ಹೋಗಿದ್ದೆ."

"ಊಟ ಮಾಡಿದಿ?"

"ಮಾಡಿದೆ. ಬದನಿಕಾಯಿ ಪಲ್ಯ ನೀ ಮಾಡಿದಂಗ ಇತ್ತು."

ಅಮ್ಮ ಎದ್ದು ಹೋಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ಎಣ್ಣೆ ತುಂಬಿಯೇ ಇತ್ತು. ಮರುದಿನ ಬೆಳಿಗ್ಗೆ, "ಸೊರಗ್ಯಾಳೇನು ಆಕಿ?" ಎಂದು ಕೇಳಿದಳು. ಇಲ್ಲ ಎಂದೆ. ಅಲ್ಲಿಂದ ಮುಂದೆ ದಿನಕ್ಕೊಂದು ಪ್ರಶ್ನೆ. ಎಂಥ ಸೀರೆ ಉಟ್ಟಿದ್ದಳು, ಕೂದಲು ಬೆಳ್ಳಗಾಗಿದೆಯೇ, ಅತ್ತೆ ಜೊತೆಗಿದ್ದಾರೆಯೇ. ಹೋಟೆಲಿನ ಪದ್ಧತಿ ಕೇಳಿದಾಗ, ಅಲ್ಲಿ ಕೆಲವರು ಕುಡಿಯುವುದನ್ನು ತಾವೇ ತರುತ್ತಾರೆ, ಇವರು ಲೋಟ ಕೊಟ್ಟು ಅದಕ್ಕೊಂದು ಶುಲ್ಕ ಹಾಕುತ್ತಾರೆ ಎಂದು ಹೇಳಿದೆ. ಹಾಗೆ ತಂದವರಲ್ಲಿ ನಾನೂ ಒಬ್ಬ ಎಂದು ಹೇಳಲಿಲ್ಲ. ನೀನೂ ಸದ್ಯಕ್ಕೆ ಹೇಳಬೇಡ.

ಆ ಮಾತು ಕೇಳಿದಾಗಿನಿಂದ ಅವಳು ಏನೋ ಯೋಚನೆಯಲ್ಲಿದ್ದಾಳೆ. ನಿನ್ನ ವಿಳಾಸ ಬರೆಸಿಕೊಂಡಿದ್ದಾಳೆ.

ಉಳಿದದ್ದನ್ನು ಅಂಬರೇಶ ಅವರಿಗೆ ಕೊಡು. ಮನೆಯವರಿಗೆ ಮೊದಲ ಗುಟುಕು ಎಂದು ನೀನೇ ಬರೆದಿದ್ದೆ. ಕೊಡುವುದು ತಡವಾಯಿತು ಎಂದು ಹೇಳು.

ನಿನ್ನ ಅಣ್ಣ,
ಪ್ರಸನ್ನ


ಮಾನ್ವಿ
೬ ಅಕ್ಟೋಬರ್ ೨೦೨೪

ಚಿ. ಸೌ. ಪೂರ್ಣಶ್ರೀಗೆ ನಿನ್ನ ಅಮ್ಮ ಅಹಲ್ಯಾಬಾಯಿ ಮಾಡುವ ಆಶೀರ್ವಾದಗಳು.

ನಾವೆಲ್ಲ ಸೌಖ್ಯ. ಮೊಣಕಾಲು ನೋವು ಇದೆ, ಅದನ್ನೂ ಸೌಖ್ಯದಲ್ಲೇ ಸೇರಿಸಿದ್ದೇನೆ. ಫೋನ್ ಮಾಡು ಎಂದು ಪ್ರಸನ್ನ ಹೇಳಿದ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಕೇಳಬೇಕಾದ್ದು ಮರೆತುಹೋಗುತ್ತದೆ ಎಂದು ಬರೆಯುತ್ತಿದ್ದೇನೆ.

ನಿಮ್ಮ ಹೋಟೆಲಿಗೆ ಬರುವವರು ಕುಡಿಯುವುದನ್ನು ತಾವೇ ತರಬಹುದಂತೆ. ನೀವು ಕೂಡಲು ಜಾಗ ಕೊಟ್ಟು, ಲೋಟ ಕೊಟ್ಟು, ಅದರ ಶುಲ್ಕ ಹಿಡಿಯುತ್ತೀರಂತೆ. ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲವಂತೆ. ಇದು ನಿಜವೇ?

ನಿಜವಾಗಿದ್ದರೆ ನನ್ನದೊಂದು ಕೇಳಿಕೆ ಇದೆ. ನಾನು ನನ್ನ ನೀರು ನಾನೇ ತರುತ್ತೇನೆ. ಲೋಟ ಬೇಡ, ತಂಬಿಗೆ ಇದೆ. ತಿನ್ನುವುದಕ್ಕೂ ಏನಾದರೂ ಕಟ್ಟಿಕೊಂಡು ಬರುತ್ತೇನೆ. ನೀನು ಒಂದು ಮೇಜು ಕೊಟ್ಟರೆ ಸಾಕು. ಶುಲ್ಕ ಎಷ್ಟಾದರೂ ಇರಲಿ, ಕೊಡುತ್ತೇನೆ. ನಿನ್ನಲ್ಲಿ ಉಣ್ಣುವುದಿಲ್ಲ ಎಂಬ ಕಾರಣಕ್ಕೆ ನಿನ್ನ ಹತ್ತಿರ ಕೂಡುವುದೂ ಇಲ್ಲದಂತಾಗಿದೆ. ಕುಡಿಯುವವರಿಗೆ ಇರುವ ಅನುಕೂಲ ನನಗೂ ಇದೆಯೋ ಏನೋ ಎಂದು ಕೇಳಿದೆ.

ಈ ವಯಸ್ಸಿನಲ್ಲಿ ನನ್ನ ಮಡಿ ಬಿಡು ಎಂದರೆ ಆಗುವುದಿಲ್ಲ. ನಿನ್ನ ಒಲೆ ಆರಿಸು ಎಂದು ನಾನೂ ಹೇಳಲಾರೆ. ಹೇಳಿ ನೋಡಿದ್ದಾಗಿದೆ, ಅದರಿಂದ ಏನಾಯಿತು ಎಂಬುದನ್ನೂ ನೋಡಿದ್ದಾಗಿದೆ.

ನನಗಿರುವ ಹೆದರಿಕೆ ನಿನ್ನ ಅತ್ತೆಯವರದು. ಬೂದೆಮ್ಮನವರು ನಮ್ಮ ಮನೆಗೆ ಬಂದು ಅವರದೇ ನೀರು ಕುಡಿದಿದ್ದರೆ ನನಗೆ ಹೇಗಾಗುತ್ತಿತ್ತು ಎಂದು ಯೋಚಿಸಿದೆ. ಚೆನ್ನಾಗಿ ಅನ್ನಿಸುತ್ತಿರಲಿಲ್ಲ. ಅದಕ್ಕೆ ಅವರನ್ನು ಕೇಳಿಯೇ ಉತ್ತರ ಬರೆ. ಅವರ ಮನಸ್ಸಿಗೆ ನೋವಾಗುವುದಾದರೆ ನಾನು ಬರುವುದಿಲ್ಲ.

ಪ್ರಸನ್ನ ಬದನೆಕಾಯಿ ಪಲ್ಯದ ಸುದ್ದಿ ಹೇಳಿದ. ಎಳ್ಳಿನ ಪುಡಿ ಕೊನೆಗೆ ಹಾಕುತ್ತೀಯೋ, ಮೊದಲೋ?

ಕಟ್ಟೆಯ ಮಾತು ನಾನೂ ಬರೆಯುವುದಿಲ್ಲ.

ಅಮ್ಮ


ರಾಯಚೂರು
೧೪ ಅಕ್ಟೋಬರ್ ೨೦೨೪

ಅಮ್ಮಾ,

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಮುಚ್ಚಿಡಲಿಲ್ಲ.

ಅವರು ಗಲ್ಲಾದ ಹತ್ತಿರ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ನೀರಿನ ಮಾತು ಬಂದಾಗ ಕೈ ನಿಂತಿತು. "ನಮ್ಮ ನೀರು ಒಲ್ಲೆ ಅಂದ್ರ ನಮಗ ಹೆಂಗ ಆಗ್ತದ ಪೂರ್ಣಿ? ಗಬ್ಬೂರಾಗ ನಮ್ಮ ಬಾವಿ ನೀರು ಊರಿಗೆಲ್ಲ ಕೊಟ್ಟೀವಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಬರೇಶ, "ಯವ್ವಾ, ಮೇಜು ನಮ್ದು, ತಂಬಿಗಿ ಅವ್ರದು. ಜಗಳ ಎಲ್ಲೈತಿ ಇದರಾಗ?" ಅಂದರು. ಅತ್ತೆ ಅವರ ಮುಖವನ್ನೂ ನೋಡಲಿಲ್ಲ.

ನಾನು ಮುಂದೆ ಓದಿದೆ. ಬೂದೆಮ್ಮನವರು ನಮ್ಮ ಮನೆಗೆ ಬಂದು ಅವರದೇ ನೀರು ಕುಡಿದಿದ್ದರೆ ಎಂದು ನೀನು ಬರೆದಿದ್ದೀಯಲ್ಲ, ಆ ಸಾಲು. "ಇನ್ನೊಮ್ಮಿ ಓದು" ಎಂದರು. ಓದಿದೆ. ಅವರಿಗೆ ನೋವಾದರೆ ಬರುವುದಿಲ್ಲ ಎಂಬುದನ್ನೂ ಓದಿದೆ. ಅತ್ತೆ ಮತ್ತೆ ಬಳ್ಳೊಳ್ಳಿ ಸುಲಿಯತೊಡಗಿದರು. ಮಾರನೆಯ ದಿನ ನೋಡಿದರೆ ಕಿಟಕಿಯ ಹತ್ತಿರದ ಮೇಜನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಾವೇ ತಿಕ್ಕುತ್ತಿದ್ದಾರೆ. ಅದು ಕಟ್ಟಿಗೆಯ ಮೇಜು, ಹಿತ್ತಾಳೆ ಪಾತ್ರೆಯಲ್ಲ, ಮೆರುಗೆಲ್ಲ ಹೋಗುತ್ತದೆ ಎಂದೆ. "ಹೋಗ್ಲಿ ಬಿಡು. ಕೇಳಿ ಬರಾಕತ್ತ್ಯಾರ ಅವ್ರು. ಕೇಳದ ಬರೋರ್ನೇ ಕುಂದರಸ್ತೀವಿ" ಎಂದರು.

ಆದ್ದರಿಂದ ನೀನು ಬರಬಹುದು. ಆ ಮೇಜಿನ ಮೇಲೆ ಈಗ ಬೇರೆ ಯಾರಿಗೂ ಬಡಿಸುತ್ತಿಲ್ಲ. ನಮ್ಮ ಕಟ್ಟಳೆ ಕೇಳಿದ್ದೀಯ. ಬರುವ ದಿನ ಮೊದಲೇ ತಿಳಿಸಬೇಕು. ತಂದದ್ದರಲ್ಲಿ ಚೂರು ಮನೆಯವರಿಗೆ ಕೊಡಲು ಕೇಳಬೇಕು. ಶುಲ್ಕದ ಲೆಕ್ಕ ಅತ್ತೆಯವರದು, ಅವರೊಡನೆಯೇ ಮಾತಾಡಿಕೋ.

ಎಳ್ಳಿನ ಪುಡಿ ಕೊನೆಗೇ ಹಾಕುತ್ತೇನೆ. ಉರಿ ಆರಿಸಿದ ಮೇಲೆ.

ನಿನ್ನ,
ಪೂರ್ಣಿ


ಮಾನ್ವಿ
೨೮ ನವೆಂಬರ್ ೨೦೨೪

ಪೂರ್ಣಿ,

ಹೋದ ಗುರುವಾರ ಹೊರಟಿದ್ದೆ. ಪ್ರಸನ್ನನಿಗೆ ರಜೆ ಇರಲಿಲ್ಲ, ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿ ನಮ್ಮ ಓಣಿಯ ಒಬ್ಬರು ಸಿಕ್ಕು, "ಎತ್ಲಾಗ ಹೊಂಟೀರಿ?" ಎಂದು ಕೇಳಿದರು. ಮಗಳ ಮನೆಗೆ ಎನ್ನಲು ಹೋದೆ. ಬಾಯಿಗೆ ಬಂದದ್ದು ಕಣ್ಣಿನ ಡಾಕ್ಟರ ಹತ್ತಿರ ಎಂದು. ಆ ಸುಳ್ಳಿನ ಜೊತೆ ನಿನ್ನ ಬಾಗಿಲಿಗೆ ಬರುವುದು ಸರಿಯೆನಿಸಲಿಲ್ಲ. ಬಸ್ಸು ಹೋಗುವುದನ್ನು ನೋಡಿ ವಾಪಸು ಬಂದೆ.

ನೀನು ಕಾಯಬೇಡ ಎಂದು ಬರೆಯಲು ಕೂತೆ. ಬರೆಯಲಾಗುತ್ತಿಲ್ಲ. ಇಷ್ಟೇ ಈ ಪತ್ರ.

ಅಮ್ಮ


ರಾಯಚೂರು
೧೦ ಜನವರಿ ೨೦೨೫

ಅಣ್ಣಾ,

ಅಮ್ಮ ಬಂದಿದ್ದಳು. ಮನೆಗೆ ಬಂದು ಎಷ್ಟು ಹೇಳಿದ್ದಾಳೋ ಗೊತ್ತಿಲ್ಲ. ನೀನು ಬ್ಯಾಂಕಿನ ತಪಾಸಣೆಯ ಗಡಿಬಿಡಿಯಲ್ಲಿದ್ದೆಯಂತೆ, ಅದಕ್ಕೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ನವೆಂಬರಿನ ಆ ಪತ್ರದ ಮೇಲೆ ನಾನು ಆಸೆ ಬಿಟ್ಟಿದ್ದೆ. ಅತ್ತೆ ಮಾತ್ರ ಕಿಟಕಿಯ ಮೇಜನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಮಂಗಳವಾರ ಇನ್ನೂ ಗಿರಾಕಿ ಬಾರದ ಹೊತ್ತಿನಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಅಮ್ಮ ಇಳಿದಳು. ಒಂದು ಕೈಯಲ್ಲಿ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ, ಇನ್ನೊಂದರಲ್ಲಿ ಚೀಲ. ನಾನು ಓಡಿದೆ. ಹತ್ತಿರ ಹೋಗಿ ನಿಂತೆ. ಮುಟ್ಟಲೋ ಬೇಡವೋ ತಿಳಿಯಲಿಲ್ಲ.

"ತಿಳಸದ ಬಂದೀನಿ. ತಿಳಿಸಿದ್ರ ಮತ್ತ ಬರ್ತಿರಲಿಲ್ಲ" ಎಂದಳು. ಆಮೇಲೆ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡಳು. "ಆ ಓಣಿಯವರು ಇವತ್ತೂ ಬಸ್‌ಸ್ಟ್ಯಾಂಡಿನಾಗ ಸಿಕ್ಕಿದ್ರು. ಮಗಳ ಮನಿಗೆ ಹೊಂಟೀನಿ ಅಂದೆ. ನಮಸ್ಕಾರ ಹೇಳ್ರಿ ಅಂದ್ರು, ಹೋದ್ರು" ಎಂದಳು. ಅವಳ ಮುಖದ ಮೇಲಿನ ನಿರಾಳ ನೋಡಬೇಕಿತ್ತು ನೀನು. ತಲೆಯ ಮೇಲಿನ ಹೊರೆ ಯಾರೋ ಇಳಿಸಿಕೊಟ್ಟವರ ಹಾಗೆ ಕತ್ತು ತಿರುಗಿಸುತ್ತಿದ್ದಳು.

ಅತ್ತೆ ಒಳಗಿನಿಂದ ಬಂದು ಮೂರು ಮಾರು ದೂರ ನಿಂತು, "ಬರ್ರಿ ಯವ್ವಾ" ಎಂದರು. ಅಮ್ಮ ಕೈ ಮುಗಿದಳು. ಕಿಟಕಿಯ ಹತ್ತಿರ ಕೂತು ಬುತ್ತಿ ಬಿಚ್ಚಿದಳು. ಅವಲಕ್ಕಿ, ಗೋಧಿಹಿಟ್ಟು ಬೆಲ್ಲದ ಗುಳಪಾವಟಿ ಉಂಡೆ. ಅಂಬರೇಶ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಅಮ್ಮ ಎಲೆಯ ಮೇಲೆ ಗುಳಪಾವಟಿ ಇಟ್ಟು ಅತ್ತೆಯ ಕಡೆ ಸರಿಸಿ, "ತಂದವರು ಮನಿಯವರಿಗೆ ಮೊದ್ಲು ಕೊಡಬೇಕಂತಲ್ರೀ. ತಗೋರಿ" ಎಂದಳು.

ಅತ್ತೆ ನನ್ನ ಮುಖ ನೋಡಿದರು. ಬೇಡ ಎನ್ನಬೇಕು ಎಂದು ನಾನೇ ಕಲಿಸಿದ್ದೆ. ಅವರು ಬೇಡ ಎನ್ನಲಿಲ್ಲ. ಕುರ್ಚಿ ಎಳೆದು ಅಮ್ಮನ ಎದುರು ಕೂತು, ಬಾಯಿಗೆ ಹಾಕಿಕೊಂಡು ಅಗಿದು, "ಬೆಲ್ಲ ಕಡಿಮಿ ಆಗೈತ್ರಿ" ಎಂದರು.

ಅಮ್ಮ ಒಂದು ಕ್ಷಣ ಅವರನ್ನೇ ನೋಡಿ ನಕ್ಕುಬಿಟ್ಟಳು. "ನಮ್ಮ ಪ್ರಸನ್ನಗ ಸಕ್ಕರಿ ಕಾಯಿಲಿ ಅದರೀ. ಕಡಿಮಿ ಹಾಕೋದ ರೂಢಿ ಆಗಿಬಿಟ್ಟದ."

"ನನಗೂ ಐತ್ರಿ. ಅದಕ್ಕ ಇನ್ನೊಂದು ಕೊಡ್ರಿ" ಎಂದರು ಅತ್ತೆ.

ಆಮೇಲೆ ಅವರಿಬ್ಬರ ಮಾತಿನ ನಡುವೆ ನನಗೆ ಜಾಗವೇ ಸಿಗಲಿಲ್ಲ. ಮೊಣಕಾಲು, ಸಕ್ಕರೆ, ಗಬ್ಬೂರಿನ ಬಾವಿ, ಸೊಸೆಯಂದಿರು. ಶುಲ್ಕ ಎಷ್ಟೆಂದು ಅಮ್ಮ ಕೇಳಿದಾಗ ಅತ್ತೆ, "ನಿಮ್ಮ ಮಗಳ್ನ ಇಟ್ಕೊಂಡು ಕುಂತೀನಿ, ಮತ್ತೇನು ಕೊಡ್ತೀರಿ" ಎಂದರು.

ಅಷ್ಟರಲ್ಲಿ ಜಿಲ್ಲಾ ಆಸ್ಪತ್ರೆಯ ಹತ್ತಿರದ ಡಾಕ್ಟರೊಬ್ಬರು ಹೆಂಡತಿಯೊಡನೆ ಬಂದರು. ಅವರ ಮದುವೆಯಾದ ದಿನವಂತೆ, ಬಾಟಲಿ ತಂದಿದ್ದರು. ಅಮ್ಮನ ಕಣ್ಣೆದುರಿಗೆ ಹೇಗೆ ತೆಗೆಯಲಿ ಎಂದು ನಾನು ಹಿಂದೆ ಮುಂದೆ ನೋಡಿದೆ. "ಬಂದವ್ರನ್ನ ಕಾಯಸಬ್ಯಾಡ" ಎಂದಳು ಅಮ್ಮ. ಬಿಳಿ ಬಟ್ಟೆ ಹಿಡಿದು ಬಿರಡೆ ತೆಗೆದು ಎರಡು ಲೋಟಕ್ಕೆ ಬಗ್ಗಿಸಿದೆ. ಬೆನ್ನ ಮೇಲೆ ಅವಳ ನೋಟ ಇದ್ದದ್ದು ತಿಳಿಯುತ್ತಿತ್ತು. ತಿರುಗಿ ಬಂದಾಗ ಅವಳು ನನ್ನ ಬೆರಳುಗಳನ್ನು ನೋಡುತ್ತ, "ನಿಮ್ಮಪ್ಪನ ಕೈ ನಿಂದು. ಒಂದ ಹನಿ ಚೆಲ್ಲಲಿಲ್ಲ" ಎಂದಳು.

ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಅಂಬರೇಶ ಉಳ್ಳಾಗಡ್ಡಿಯ ಬುಟ್ಟಿಯನ್ನು ನನ್ನ ಮುಂದಿಟ್ಟು, "ಇದನ್ನ ಹೆಚ್ಚು. ಯಾರೂ ಕೇಳಂಗಿಲ್ಲ" ಎಂದರು.

ಸಂಜೆ ಬಸ್ಸಿಗೆ ಹತ್ತಿಸಿದೆವು. ಅಂಬರೇಶ ಚೀಲ ಹಿಡಿದುಕೊಂಡು ಕಿಟಕಿಯವರೆಗೂ ಬಂದರು. ಅವಳು ಅವರನ್ನು "ಅಂಬರೇಶ" ಎಂದು ಕರೆದಳು, ಆಮೇಲೆ ತಿದ್ದಿಕೊಂಡು, "ಅಂಬರೇಶಪ್ಪಾ" ಎಂದಳು.

ಪೂರ್ಣಿ


ಮಾನ್ವಿ
೨೦ ಜನವರಿ ೨೦೨೫

ಪೂರ್ಣಿ,

ನಿನ್ನ ಪತ್ರವನ್ನು ಬ್ಯಾಂಕಿನಲ್ಲಿ ಓದಿದೆ. ಮನೆಗೆ ಬಂದು ಅಮ್ಮನ ಮುಂದೆ ಕೂತೆ. ಅವಳು ಇಷ್ಟು ಮಾಡಿ ಬಂದಿರುವಾಗ ನಾನು ಮುಚ್ಚಿಟ್ಟುಕೊಂಡು ಕೂಡುವುದು ಆಗಲಿಲ್ಲ. ಅಲ್ಲಿಗೆ ಬಾಟಲಿ ಒಯ್ದವನು ನಾನೇ, ಕುಡಿದವನೂ ನಾನೇ ಎಂದು ಹೇಳಿಬಿಟ್ಟೆ. ತಲೆ ತಗ್ಗಿಸಿಕೊಂಡೇ ಇದ್ದೆ.

ಅಮ್ಮ ಹೂಬತ್ತಿ ಹೊಸೆಯುತ್ತಿದ್ದಳು. "ಹೆಂಗಿತ್ತು?" ಎಂದಳು.

"ಒಗರು."

"ರೊಕ್ಕಾ ಕೊಟ್ಟು ಒಗರು ಕುಡೀತಾರ?"

"ನಾ ರೊಕ್ಕಾ ಕೊಟ್ಟಿಲ್ಲ. ಉಡುಗೊರಿ ಬಂದದ್ದು."

"ಹಂಗಾದ್ರ ಹೋಗ್ಲಿ ಬಿಡು. ಮತ್ತ ಕುಡೀಬ್ಯಾಡ." ಇನ್ನೊಂದು ಬತ್ತಿ ಹೊಸೆದ ಮೇಲೆ, "ಅದು ಇಲ್ಲದಿದ್ರ ನೀ ಅಲ್ಲಿಗೆ ಹೋಗ್ತಿದ್ದಿಲ್ಲ" ಎಂದಳು. ಬೈಯುವ ದನಿ ಇರಲಿಲ್ಲ.

ಅವತ್ತು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಬಹಳ ದಿನಗಳ ಮೇಲೆ.

ಬರುವ ತಿಂಗಳು ನಾನೂ, ನಿನ್ನ ಅತ್ತಿಗೆಯೂ ಊಟಕ್ಕೆ ಬರುತ್ತೇವೆ. ಏನೂ ತರುವುದಿಲ್ಲ.

ಪ್ರಸನ್ನ


ಮಾನ್ವಿ
೨ ಫೆಬ್ರವರಿ ೨೦೨೫

ಪೂರ್ಣಿಗೆ ಅಮ್ಮನ ಆಶೀರ್ವಾದ. ಅಂಬರೇಶಪ್ಪನಿಗೂ. ಬೂದೆಮ್ಮನವರಿಗೆ ನಮಸ್ಕಾರ.

ನಾನು ಬಂದ ದಿನ ನೀವು ಎಲ್ಲರೂ ನನ್ನ ಸುತ್ತ ಬೆಕ್ಕಿನ ಹೆಜ್ಜೆ ಇಟ್ಟು ಓಡಾಡಿದಿರಿ. ಯಾವ ಪಾತ್ರೆ ಎಲ್ಲಿ ತಾಕುತ್ತದೋ, ಯಾರ ನೆರಳು ಎಲ್ಲಿ ಬೀಳುತ್ತದೋ ಎಂದು ನಿನ್ನ ಕಣ್ಣು ಒಂದು ಕಡೆ ನಿಲ್ಲಲಿಲ್ಲ. ಎದುರಿಗೆ ಕೂತ ನನಗೆ ನಿನ್ನನ್ನು ಪೂರ್ತಿ ನೋಡಿದ ಹಾಗೆ ಆಗಲಿಲ್ಲ. ಬೂದೆಮ್ಮನವರೂ ನನ್ನ ಗುಳಪಾವಟಿ ಬಿಟ್ಟರೆ ಹಸಿದುಕೊಂಡೇ ಇದ್ದರು, ನನ್ನ ಮುಂದೆ ಉಣ್ಣಲು ಸಂಕೋಚಪಟ್ಟರು. ಮನೆಗೆ ಬಂದ ಮೇಲೆ ಇದನ್ನೇ ಯೋಚಿಸುತ್ತಿದ್ದೆ. ಇದಕ್ಕೊಂದು ದಾರಿ ಹೊಳೆದಿದೆ.

ಏಕಾದಶಿಯ ದಿನ ನಾನು ಯಾರ ಮನೆಯಲ್ಲೂ ಅನ್ನ ನೀರು ಮುಟ್ಟುವುದಿಲ್ಲ. ನನ್ನ ಮನೆಯಲ್ಲೂ ಇಲ್ಲ. ಅವತ್ತು ನನಗೆ ಎಲ್ಲ ಮನೆಗಳೂ ಒಂದೇ. ತಿಂಗಳಿಗೆ ಎರಡು ಸಲ ಅದು ಬಂದೇ ಬರುತ್ತದೆ. ಇಷ್ಟು ವರ್ಷ ಆ ದಿನ ಹೊತ್ತು ಹೋಗುವುದೇ ಕಷ್ಟವಾಗುತ್ತಿತ್ತು.

ಬರುವ ಏಕಾದಶಿಗೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಕೈ ಬೀಸಿಕೊಂಡು ಬರುತ್ತೇನೆ. ಸಂಜೆಯವರೆಗೂ ಮಾತಾಡೋಣ.

ನಿನ್ನ,
ಅಮ್ಮ